ಅಪ್ಪ ಬೋಳಿಸಿದ ಮೀಸೆ

ನನಗೆ ಕಿವಿಯ ಜಂಬ. ಮೂವತ್ತು ವರ್ಷ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿದವನು ನಾನು. ಪಕ್ಕದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಮುದ್ರಣ ನಿಲ್ಲಿಸುತ್ತಿದ್ದೆ. ಇಂಥವನ ಅಕ್ಕನಿಗೆ ಮೂವತ್ತೆರಡನೇ ವಯಸ್ಸಿನಲ್ಲಿ ಜ್ವರ ಬಂತು. ಇಳಿಯುವಾಗ ಅವಳ ಕಿವಿಯನ್ನು ಪೂರ್ತಿ ತೆಗೆದುಕೊಂಡೇ ಹೋಯಿತು. ಆಮೇಲೆ ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು.

ಅಂದಿನಿಂದ ನಮ್ಮ ಮನೆಯಲ್ಲೊಂದು ನಿಯಮ: ಅಕ್ಕನ ಜೊತೆ ಮಾತಾಡುವವರು ಬೆಳಕಿಗೆ ಮುಖ ಮಾಡಿ ನಿಲ್ಲಬೇಕು. ನಿಯಮ ಮಾಡಿದವನು ಅಪ್ಪ. ತಪ್ಪದೆ ಪಾಲಿಸಿದವನೂ ಅವನೊಬ್ಬನೇ. ಅವನ ಮೀಸೆ ಮೇಲ್ತುಟಿಯನ್ನು ಮುಚ್ಚುತ್ತದೆ ಎಂದು ಅಕ್ಕ ಒಮ್ಮೆ ಗೊಣಗಿದಳು, ಅಷ್ಟೇ. ನಲವತ್ತು ವರ್ಷ ಸಾಕಿದ ಮೀಸೆ. ಮರುದಿನ ಬೋಳಿಸಿಕೊಂಡು ತಿಂಡಿಗೆ ಬಂದು ಕೂತ. ಅಮ್ಮ ಯಾರೋ ನೆಂಟರು ಬಂದರೆಂದು ಸೆರಗು ಸರಿಮಾಡಿಕೊಂಡಿದ್ದಳು.

ಅಪ್ಪ ಹೋಗಿ ವರ್ಷವಾದಾಗ ಅಕ್ಕ ಬಂದಳು.

"ಅಪ್ಪ ಮಾತಾಡೋದು ಮರೀತಾ ಇದೀನಿ ಕಣೋ. ಮುಖ ನೆನಪಿದೆ, ಬಾಯಿ ಹೇಗಾಡ್ತಿತ್ತು ಅನ್ನೋದು ಹೋಗ್ತಾ ಇದೆ. ನೀನು ಕ್ಯಾಮೆರಾದಲ್ಲಿ ತೆಗೆದ ಟೇಪುಗಳಿವೆಯಲ್ಲ, ಡಿಸ್ಕ್ ಮಾಡ್ಕೊಡು."

ಗಂಟೆ ಗಂಟೆಯ ನಾಲ್ಕು ಟೇಪು. ಒಂದೇ ಡಿಸ್ಕಿನಲ್ಲಿ ಎಲ್ಲ ಸಿಗಲಿ ಎಂದುಕೊಂಡೆ. ಡಿಸ್ಕ್ ಎಂದರೆ ಊರಿಗೆ ಹೊರಟವರ ಪೆಟ್ಟಿಗೆಯ ಹಾಗೆ, ಒಂದಕ್ಕೆ ಜಾಗ ಕೊಟ್ಟರೆ ಇನ್ನೊಂದನ್ನು ಹಿಂಡಬೇಕು. ನಾಲ್ಕು ಗಂಟೆ ತುಂಬಿಸಿದರೆ ಒಂದು ಸೆಕೆಂಡಿನ ಪಾಲಿಗೆ ಬರುವುದು ಸುಮಾರು ಎರಡೂವರೆ ಸಾವಿರ ಕಿಲೋಬಿಟ್ ಜಾಗ. ಅದರಲ್ಲಿ ಸಾವಿರದೈನೂರನ್ನು ನಾನು ಧ್ವನಿಗೆ ಕೊಟ್ಟೆ. ಅಪ್ಪನ ದನಿಯನ್ನು ಹಿಂಡಲು ಕೈ ಬರಲಿಲ್ಲ. ಉಳಿದ ಸಾವಿರದಲ್ಲಿ ಚಿತ್ರ ಹೇಗಾದರೂ ಬದುಕಿಕೊಳ್ಳಲಿ ಎಂದು ಬಿಟ್ಟೆ. ನೀರಿನ ಮೋಟರಿನ ಗಲಾಟೆಯಲ್ಲಿ ಮಾತೇ ಕೇಳದ ಐದು ನಿಮಿಷವನ್ನು ಕತ್ತರಿಸಿ ಎಸೆದೆ.

ಡಿಸ್ಕ್ ಹಾಕಿದಾಗ ಅಪ್ಪನ ದನಿ ಎದುರಿಗೇ ಇದ್ದಾನೆ ಎನ್ನುವಷ್ಟು ಚೆನ್ನಾಗಿ ಬಂತು. ನನ್ನ ಕಣ್ಣು ತುಂಬಿತು. ಅಕ್ಕ ಮಾತ್ರ ಟಿವಿಯ ಹತ್ತಿರ ಹೋದಳು, ಕನ್ನಡಕ ತೆಗೆದಳು, ಹಾಕಿದಳು, ಮಂಡಿಯೂರಿ ಕೂತಳು. ಪರದೆಯಲ್ಲಿ ಅಪ್ಪ ತಲೆಯಾಡಿಸಿದಾಗಲೆಲ್ಲ ಮೂಗಿನಿಂದ ಗಲ್ಲದವರೆಗೆ ಬರೀ ಚೌಕ ಚೌಕ.

"ಅಪ್ಪ ಬೋಳಿಸಿದ ಮೀಸೇನ ನೀನು ಮತ್ತೆ ಅಂಟಿಸಿದೀಯಲ್ಲೋ," ಎಂದಳು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಟೇಪು ಹಳೆಯದು, ಟಿವಿ ದೊಡ್ಡದು ಎಂದೆಲ್ಲ ವಾದಿಸಿದೆ. ಅದೂ ಅವಳಿಗೆ ಬೆನ್ನು ಮಾಡಿ, ಡಿಸ್ಕ್ ತೆಗೆಯುತ್ತಾ. ಅವಳಿಗೆ ಒಂದು ಮಾತೂ ಮುಟ್ಟಿರಲಿಲ್ಲ ಎಂದು ತಿರುಗಿದಾಗ ಗೊತ್ತಾಯಿತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಕಿವಿ ಕೇಳದವಳಿಗೆ ಕಿವಿಯ ಊಟ ಬಡಿಸಿದ್ದೆ.

ಮತ್ತೆ ಕಂಪ್ಯೂಟರ್ ಮುಂದೆ ಕೂತೆ. ಒಂದು ಟೇಪಿಗೆ ಒಂದು ಡಿಸ್ಕ್. ಚಿತ್ರಕ್ಕೆ ಎಂಟು ಸಾವಿರ, ಧ್ವನಿಗೆ ಬರೀ ನೂರಾ ತೊಂಬತ್ತೆರಡು. ಆ ಅಂಕಿಯನ್ನು ಎರಡು ಸಲ ಅಳಿಸಿ ಮೂರನೇ ಸಲ ಒತ್ತಿದೆ, ಸುಳ್ಳು ಹೇಳುವುದಿಲ್ಲ. ಈ ಸಲ ಏನನ್ನೂ ಕತ್ತರಿಸಲಿಲ್ಲ. ಕಿವಿಯ ಮಾತು ಕೇಳಿ ಕತ್ತರಿಸಿ ಒಮ್ಮೆ ಕೆಟ್ಟಿದ್ದು ಸಾಕಾಗಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಒಂದೊಂದೇ ಡಿಸ್ಕ್ ನೋಡಿದಳು. ಅಪ್ಪನ ತುಟಿಯ ಜೊತೆ ಅವಳ ತುಟಿಯೂ ಆಡುತ್ತಿತ್ತು. ಮೂರನೆಯದರಲ್ಲಿ ಆ ಮೋಟರ್ ಬಂತು. ನಾನು ಕ್ಯಾಮೆರಾ ಮೇಜಿನ ಮೇಲಿಟ್ಟು, ಆರಿಸದೆ ಎದ್ದು ಹೋಗಿದ್ದ ದಿನ ಅದು. ಅಪ್ಪ ಕೊಡೆ ರಿಪೇರಿ ಮಾಡುತ್ತಿದ್ದವನು ಕ್ಯಾಮೆರಾದ ಕೆಂಪು ದೀಪ ನೋಡಿದ. ಕೊಡೆ ಕೆಳಗಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ನೇರ ನಮ್ಮತ್ತ ನೋಡಿ ಬಾಯಾಡಿಸಿದ. ನನಗೆ ಗುರ್ರ್ ಎನ್ನುವ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

ಅಕ್ಕ ಅವನು ನಿಲ್ಲಿಸಿದಲ್ಲಿ ನಿಲ್ಲಿಸುತ್ತಾ ಗಟ್ಟಿಯಾಗಿ ಹೇಳತೊಡಗಿದಳು.

"ಪುಟ್ಟೀ, ಮೋಟರ್ ಗಲಾಟೆ ಜೋರಾಗಿದೆ. ನಮ್ಮಿಬ್ಬರಿಗೆ ಏನಂತೆ. ನಿನ್ನ ತಮ್ಮ ಇದನ್ನ ಆನ್ ಮಾಡಿಟ್ಟು ಎದ್ದು ಹೋಗಿದಾನೆ, ಮರೆಗುಳಿ. ನಿನಗೆ ಬೆನ್ನು ಮಾಡ್ಕೊಂಡೇ ಮಾತಾಡ್ತಾನೆ ಅಂತ ಬೇಜಾರ್ ಮಾಡ್ಕೋಬೇಡ. ನಿನಗೆ ಕಿವಿ ಹೋಯ್ತು ಅನ್ನೋದನ್ನ ಅವನು ಇನ್ನೂ ಒಪ್ಪಿಲ್ಲ. ಒಪ್ಪೋವರೆಗೆ ನೀನೇ ಅವನ ಕಡೆ ತಿರುಗಿ ಕೂತ್ಕೋ."

ಅಪ್ಪ ಮತ್ತೆ ಕೊಡೆ ಎತ್ತಿಕೊಂಡ. "ಇನ್ನೊಂದ್ಸಲ ಹೇಳು," ಎಂದೆ, ಕೂತಲ್ಲಿಂದಲೇ. ಅಕ್ಕನ ಕಣ್ಣು ಇನ್ನೂ ಟಿವಿಯ ಮೇಲಿತ್ತು.

ಎದ್ದು ಹೋಗಿ ಅವಳ ಹೆಗಲು ಮುಟ್ಟಿದೆ. ಕಿಟಕಿಯ ಪರದೆ ಸರಿಸಿ, ಬೆಳಕಿಗೆ ಮುಖ ಮಾಡಿ ನಿಂತೆ.

"ಇನ್ನೊಂದ್ಸಲ ಹೇಳಕ್ಕಾ."

ಅಕ್ಕ ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ರಿಮೋಟ್ ಎತ್ತಿಕೊಂಡು ಅಪ್ಪನನ್ನು ಹಿಂದಕ್ಕೆ ಕರೆತಂದಳು.