ತಾನಾಗೇ ಬೀಳುವ ಸೊನ್ನೆ

ಆಸ್ಪತ್ರೆಯ ಟೈಪಿಂಗ್ ಕೋಣೆಯಲ್ಲಿ ಎಲ್ಲರೂ ಟೈಪಕ್ಕ ಎಂದು ಕರೆಯುತ್ತಿದ್ದ ಹೆಂಗಸಿನ ಮುಂದೆ ಸೂಪರ್‌ವೈಸರ್ ಒಂದು ಹಾಳೆ ಇಟ್ಟ. ‘ನನ್ನ ಅಜಾಗರೂಕತೆಯಿಂದ ತಪ್ಪಾಗಿದೆ’ ಎಂದು ಅವಳ ಪರವಾಗಿ ಅವನೇ ಬರೆಸಿ ತಂದಿದ್ದ. ಸಹಿಯೊಂದು ಬಾಕಿ.

ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಔಷಧದ ಚೀಟಿಗಳನ್ನು ಟೈಪ್ ಮಾಡುವುದು ಆ ಕೋಣೆಯ ಹನ್ನೊಂದು ಹೆಂಗಸರ ಕೆಲಸ. ನಿನ್ನೆ ಅವಳು ಕಳಿಸಿದ ಚೀಟಿಯಲ್ಲಿ ಐದು ಮಿಲಿಗ್ರಾಂ ಐವತ್ತಾಗಿತ್ತು. ವಾರ್ಡಿನ ನರ್ಸಿಗೆ ಅನುಮಾನ ಬಂದಿದ್ದಕ್ಕೆ ಒಂದು ಜೀವ ಉಳಿಯಿತು.

“ನಾನು ಒತ್ತಿದ್ದು ಐದೇ ಸಾರ್. ಸೊನ್ನೆ ತಾನಾಗೇ ಬಿತ್ತು. ಈ ಲ್ಯಾಪ್‌ಟಾಪ್ ಹೀಗೆ ಆಡ್ತಿದೆ ಅಂತ ಮೂರು ಸಲ ಬರೆದುಕೊಟ್ಟಿದ್ದೀನಿ.”

“ತಾನಾಗೇನಾ? ದೆವ್ವ ಬಂದು ಒತ್ತಿತಾ?” ಸೂಪರ್‌ವೈಸರ್ ನಕ್ಕ. “ವಯಸ್ಸಾಯ್ತು ಅಕ್ಕ, ಬೆರಳು ದಪ್ಪ ಆಯ್ತು. ಒಪ್ಕೊಂಡುಬಿಡಿ. ಸಂಜೆಯೊಳಗೆ ಸಹಿ ಬೇಕು.”

ಸಹಿ ಹಾಕಿದರೆ ಕೆಲಸ ಹೋಯಿತು. ಅಂಥ ಹಾಳೆ ಬೆನ್ನಿಗೆ ಬಿದ್ದವಳನ್ನು ಬೇರೆ ಯಾವ ಆಸ್ಪತ್ರೆಯೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಇಪ್ಪತ್ತೆರಡು ವರ್ಷ ಕೀಲಿಗಳ ಕಡೆ ಕಣ್ಣು ಹಾಯಿಸದೆ ಓಡಿದ ಬೆರಳುಗಳು ಇವನ ಬಾಯಲ್ಲಿ ದಪ್ಪವಾಗಿಬಿಟ್ಟವು! ಟೈಪಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಊಟದ ಬಿಡುವಾದದ್ದೇ ತಡ, ಚಾರ್ಜರಿನ ವೈರನ್ನು ಯಾರೂ ಕೀಳದಂತೆ ಲ್ಯಾಪ್‌ಟಾಪಿಗೂ ಮೇಜಿನ ಕಾಲಿಗೂ ಸೇರಿಸಿ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು.

ಎರಡು ಬೀದಿ ಆಚೆ ಅವಳ ಸೋದರಮಾವನ ರಿಪೇರಿ ಅಂಗಡಿ. ಮಾವ ಹೊರಗಿನಿಂದ ಬೇರೊಂದು ಕೀಬೋರ್ಡ್ ಸಿಕ್ಕಿಸಿ, ಲ್ಯಾಪ್‌ಟಾಪಿನದನ್ನು ಬಂದ್ ಮಾಡಿ ಕೂತ. ಹತ್ತು ನಿಮಿಷ ತೆರೆ ಖಾಲಿ. ಒಳಗಿನದನ್ನು ಮತ್ತೆ ಚಾಲೂ ಮಾಡಿದ. ಯಾರೂ ಮುಟ್ಟದೆಯೇ ಸೊನ್ನೆಗಳು ಸಾಲುಗಟ್ಟಿದವು.

“ವೈರಸ್ಸೂ ಅಲ್ಲ, ಮಣ್ಣೂ ಅಲ್ಲ,” ಎಂದು ಮಾವ ಲ್ಯಾಪ್‌ಟಾಪನ್ನು ಗಾಜಿನ ಮೇಜಿನ ಮೇಲಿಟ್ಟು ಮೂಲೆಯೊಂದನ್ನು ಒತ್ತಿದ. ಕಾಲು ಮುರಿದ ಸ್ಟೂಲಿನಂತೆ ಅದು ಓಲಾಡಿತು. ಸ್ಕ್ರೂ ಬಿಚ್ಚಿದರೆ ಒಳಗೆ ಬ್ಯಾಟರಿ ಪುಟ್ಟ ದಿಂಬಿನ ಹಾಗೆ ಬಾತುಕೊಂಡಿತ್ತು. “ನೋಡಿಲ್ಲಿ, ನಿನ್ನ ದೆವ್ವ. ಕೆಳಗಿನಿಂದ ಸೊನ್ನೆ ಕೀಲಿಯನ್ನ ತಳ್ತಾ ಇದೆ. ಹಗಲೂ ರಾತ್ರಿ ಚಾರ್ಜಿಗೆ ಹಾಕೇ ಇಡ್ತೀಯೇನೇ?”

“ತೆಗೆದ್ರೆ ಗೈರುಹಾಜರಿ ಬೀಳುತ್ತೆ ಮಾವ.”

“ಏನು?”

“ವೈರ್ ಕಿತ್ತ ತಕ್ಷಣ ಸೂಪರ್‌ವೈಸರನ ತೆರೆ ಮೇಲೆ ಕೆಂಪು ಗುರುತು ಬರುತ್ತೆ. ಯಾವಾಗ್ಲೋ ಒಬ್ಬಳು ಚಾರ್ಜ್ ಮುಗೀತು ಅಂತ ಅರ್ಧ ಗಂಟೆ ಸುಮ್ಮನೆ ಕೂತಿದ್ದಳಂತೆ. ಅವತ್ತಿಂದ ವೈರುಗಳನ್ನೆಲ್ಲ ಕಟ್ಟಿಹಾಕಿದ್ದಾನೆ. ರಜೆಯಲ್ಲೂ ಕೀಳೋ ಹಾಗಿಲ್ಲ.”

“ದನಕ್ಕಾದ್ರೂ ರಾತ್ರಿ ಹಗ್ಗ ಸಡಿಲ ಮಾಡ್ತಾರೆ!” ಮಾವ ಬ್ಯಾಟರಿಯ ಫೋಟೋ ತೆಗೆದು, ಮುಚ್ಚಳ ಹಾಕಿಕೊಟ್ಟ. “ತೋರಿಸೋವಷ್ಟು ಚಾರ್ಜ್ ಇದೆ. ಬೀಳಿಸ್ಬೇಡ, ಒತ್ತಬೇಡ, ವೈರಿಗಂತೂ ಹಾಕಲೇಬೇಡ. ಹೊತ್ಕೊಂಡು ಉರಿಯುತ್ತೆ.”

ಟೈಪಕ್ಕ ಕೋಣೆಗೆ ಬಂದವಳೇ ಲ್ಯಾಪ್‌ಟಾಪನ್ನು ಸೂಪರ್‌ವೈಸರನ ಮೇಜಿನ ಮೇಲೆ ತೆರೆದಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತೆರೆಯ ಮೇಲೆ ಸೊನ್ನೆ, ಮತ್ತೊಂದು ಸೊನ್ನೆ, ಆಮೇಲೆ ಒಂದು ಸಾಲು.

“ಇದು ಯಾರ ಬೆರಳು ಸಾರ್?”

ಅವನು ತೆರೆ ನೋಡಿದ, ಚೀಲ ನೋಡಿದ. “ಕಟ್ಟು ಕತ್ತರಿಸೋಕೆ ನಿಮಗೆ ಅಪ್ಪಣೆ ಕೊಟ್ಟವರ್ಯಾರು?”

ಯಾರೋ ಕಿಸಕ್ಕನೆ ನಕ್ಕರು. ಒಬ್ಬೊಬ್ಬಳೇ ತನ್ನ ಲ್ಯಾಪ್‌ಟಾಪಿನ ಮೂಲೆ ಮುಟ್ಟಿ ನೋಡಿದಳು. ನಾಲ್ಕು ಓಲಾಡಿದವು.

ಸೂಪರ್‌ವೈಸರನ ದನಿ ಇಳಿಯಿತು. “ಆಯ್ತಕ್ಕ, ಹಾಳೆ ಹರಿದುಹಾಕ್ತೀನಿ. ನಾಳೆನೇ ನಿಮಗೆ ಹೊಸದು ಕೊಡಿಸ್ತೀನಿ. ವಿಷಯ ಇಲ್ಲಿಗೇ ಬಿಟ್ಟುಬಿಡಿ.”

ಟೈಪಕ್ಕ ಉಸಿರು ಬಿಟ್ಟಳು. ಕೆಲಸ ಉಳಿಯಿತು, ಇನ್ನೇನು ಬೇಕು ಎಂದುಕೊಳ್ಳುವಷ್ಟರಲ್ಲಿ ಮೂಲೆಯ ಮೇಜಿನವಳು ಎದ್ದುನಿಂತಳು. “ನನ್ನದೂ ಓಲಾಡ್ತಿದೆ ಅಕ್ಕ. ಇದೇ ಮೇಜಲ್ಲಿದ್ದವಳು ಹೋದ ವರ್ಷ ಇಂಥದ್ದೇ ಹಾಳೆಗೆ ಸಹಿ ಹಾಕಿ ಅಳ್ತಾ ಹೋದಳಲ್ಲ. ಇದು ಅವಳ ಲ್ಯಾಪ್‌ಟಾಪೇ.”

ಆವತ್ತು ಎಲ್ಲರೂ ತಲೆ ತಗ್ಗಿಸಿ ಟೈಪ್ ಮಾಡುತ್ತಲೇ ಇದ್ದರು. ಟೈಪಕ್ಕನೂ ಸಹ. ತನ್ನ ಮೇಲೂ, ಇವನ ಮೇಲೂ ಒಟ್ಟಿಗೇ ಸಿಟ್ಟು ಉಕ್ಕಿತು.

“ಹಾಳೆ ಹರೀಬೇಡಿ. ಅವಳು ಸಹಿ ಹಾಕಿದ್ದನ್ನೂ ಹೊರಗೆ ತೆಗೀರಿ,” ಎನ್ನುತ್ತ ಅವಳು ಅವನ ಮೇಜಿನ ಫೋನೆತ್ತಿ ವಾರ್ಡಿನ ನಂಬರ್ ಒತ್ತಿದಳು.

“ಅಕ್ಕ, ಬೇಡ! ಎಲ್ಲರ ಕೆಲಸಕ್ಕೂ ಕುತ್ತು ಬರುತ್ತೆ!” ಅವನು ಫೋನಿಗೆ ಕೈಹಾಕಿದ. ಮೂಲೆಯ ಮೇಜಿನವಳು ಅಡ್ಡ ನಿಂತಳು.

“ಸಿಸ್ಟರ್, ಟೈಪಿಂಗ್ ಕೋಣೆಯಿಂದ ಮಾತಾಡ್ತಿದ್ದೀನಿ,” ಎಂದಳು ಟೈಪಕ್ಕ. “ನಮ್ಮಿಂದ ಬಂದ ಯಾವ ಚೀಟಿಯ ಅಂಕಿಯನ್ನೂ ನಂಬಬೇಡಿ. ಪ್ರತಿಯೊಂದನ್ನೂ ಡಾಕ್ಟರನ್ನೇ ಕೇಳಿ. ಹೌದು, ಹೋದ ವರ್ಷದ್ದೂ ಸೇರಿ ಪೂರ್ತಿ. ಯಾಕೆ ಅಂತನಾ? ಬರೆದುಕೊಳ್ಳಿ, ಹೇಳ್ತೀನಿ.”