ಕ್ರಿಸ್ಪಿನ್‌ಗೊಂದು ಚರಮಪದ್ಯ

ಬೆನಿಗ್ನೊ ಅರಾಂದಾ ದೊಡ್ಡ ಕವಿ. ಅವನ ಪದ್ಯ ಬಾಯಿಪಾಠ ಮಾಡದೆ ಮೆಕ್ಸಿಕೋದ ಯಾವ ಮಗುವೂ ನಾಲ್ಕನೇ ಕ್ಲಾಸು ದಾಟುತ್ತಿರಲಿಲ್ಲ. ಮ್ಯಾಡ್ರಿಡ್ಡಿನವರು ಕರೆದು ಪದಕ ಹಾಕಿ ಕಳಿಸಿದ್ದರು. ಪತ್ರಿಕೆಯಲ್ಲಿ ಅವನ ಅಂಕಣ ಬರುವ ದಿನ ಮಂತ್ರಿಗಳಿಗೆ ತಿಂಡಿ ಸೇರುತ್ತಿರಲಿಲ್ಲ. ಆದರೆ ಅವನ ಹುಟ್ಟೂರು ಒರಿಸಾಬಾದ ಜನಕ್ಕೆ ಆ ಪದಕ ಕಟ್ಟಿಕೊಂಡು ಏನಾಗಬೇಕು? ಅವರಿಗೆ ಬೇಕಾಗಿದ್ದು ಸತ್ತವರ ಹಬ್ಬದ ದಿನ ಊರ ಪತ್ರಿಕೆಯಲ್ಲಿ ಅವನು ಬರೆಯುವ ಚರಮಪದ್ಯಗಳು. ಗುಂಡುಕಲ್ಲಿನಂತೆ ಬದುಕಿರುವವರನ್ನೇ ನಾಲ್ಕು ಸಾಲಿನಲ್ಲಿ ಸಾಯಿಸುವ ತಮಾಷೆ ಅದು; ಒಯ್ಯಲು ಬರುವವಳು ಸಾವು, ಎಲುಬುಗೂಡಿನ ಸಣಕಲು ಹೆಂಗಸು. ಹೆಸರು ಬಂದವನು ತನ್ನ ಪದ್ಯವನ್ನು ತಾನೇ ಗಟ್ಟಿಯಾಗಿ ಓದಿ ಕೇಳಿದವರಿಗೆಲ್ಲ ಕುಡಿಸಬೇಕು. ಹೆಸರು ಬಾರದವನು ಮುಖ ಊದಿಸಿಕೊಂಡು ತಿರುಗುತ್ತಿದ್ದ.

ಪ್ರತಿಯೊಬ್ಬನೂ ತನ್ನ ಚಾಳಿಯಿಂದಲೇ ಸಾಯಬೇಕೆಂಬುದು ಬೆನಿಗ್ನೊ ಮಾಡಿಕೊಂಡಿದ್ದ ಕಟ್ಟಳೆ. ಜಿಪುಣ ಬಟ್ಟೆ ವ್ಯಾಪಾರಿ ಗೇಣು ಬಟ್ಟೆ ಹೆಚ್ಚಿಗೆ ಕೊಟ್ಟ ಆಘಾತಕ್ಕೆ ಸತ್ತಿದ್ದ. ಪಾದ್ರಿ ಉಪವಾಸದ ದಿನ ಹಂದಿಮಾಂಸ ಗಂಟಲಿಗೆ ಸಿಕ್ಕಿಕೊಂಡು ಸತ್ತಿದ್ದ. ಬಾಲ್ಯದ ಗೆಳೆಯ ಕ್ರಿಸ್ಪಿನ್‌ನನ್ನು ಮಾತ್ರ ಅವನು ಎಂದೂ ಸಾಯಿಸಿರಲಿಲ್ಲ. ಕ್ರಿಸ್ಪಿನ್ ಊರಿನ ಕ್ಷೌರಿಕ, ಮಹಾ ಮಾತುಗಾರ. ಬೆನಿಗ್ನೊನ ಗಡ್ಡಕ್ಕೆ ಸಾಬೂನು ಹಚ್ಚುತ್ತ, ನನ್ನ ಸರದಿ ಯಾವಾಗಲೋ ಎಂದು ವರ್ಷವರ್ಷವೂ ಕೇಳುತ್ತಿದ್ದ. ನಿನ್ನ ಬಾಯಿ ನಾಲ್ಕು ಸಾಲಿನಲ್ಲಿ ಹಿಡಿಸುವುದಿಲ್ಲ ಎಂದು ಬೆನಿಗ್ನೊ ಮಾತು ತೇಲಿಸುತ್ತಿದ್ದ.

ಆ ವರ್ಷ ಅಕ್ಟೋಬರಿನಲ್ಲಿ ಕ್ರಿಸ್ಪಿನ್‌ನ ಹೆಂಡತಿ ಎಲೋದಿಯಾ ಒಬ್ಬಳೇ ಬೆನಿಗ್ನೊನ ಮನೆಗೆ ಬಂದಳು. ಗಂಡನನ್ನು ಹೊಟ್ಟೆನೋವೆಂದು ರಾಜಧಾನಿಗೆ ಕರೆದೊಯ್ದಿದ್ದಳು. ಹೊಟ್ಟೆಯಲ್ಲಿ ಗಡ್ಡೆಯಿದೆ, ಕ್ರಿಸ್‌ಮಸ್ ಕಂಡರೆ ಹೆಚ್ಚು ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು. ಗಂಡನಿಗೆ ಅವಳು ಹೇಳಿದ್ದು ಖಾರ ಬಿಡಬೇಕೆಂದು ಮಾತ್ರ. ಇರುವಷ್ಟು ದಿನ ಅವರು ನಗುನಗುತ್ತ ಇರಲಿ, ಒಬ್ಬಳೇ ಹೊರಲಾರದೆ ನಿಮಗೆ ಹೇಳುತ್ತಿದ್ದೇನೆ ಎಂದು ಅತ್ತಳು. ಯಾರಿಗೂ ಹೇಳುವುದಿಲ್ಲವೆಂದು ಬೆನಿಗ್ನೊ ಮೇರಿಮಾತೆಯ ಮೇಲೆ ಆಣೆ ಮಾಡಿದ.

ಆಣೆ ಮಾಡಿದವನು ಸುಮ್ಮನಿರಬೇಕಿತ್ತು. ಆದರೆ ಆ ಸಲ ಅವನ ಪದ್ಯಗಳು ಒಂದೂ ಮೇಲೇಳಲಿಲ್ಲ. ಸಂಪಾದಕ ಬೇರೆ ಪ್ರಾಣ ತಿನ್ನುತ್ತಿದ್ದ. ಕ್ರಿಸ್ಪಿನ್‌ಗೆ ಇದು ಕಡೆಯ ಹಬ್ಬ, ಅವನ ಆಸೆಯಾದರೂ ತೀರಲಿ ಎಂದು ಬೆನಿಗ್ನೊ ಕೂತ. ತನಗೆ ತಾನೇ ಹೇಳಿಕೊಂಡ ಸಬೂಬು ಅದು. ಕೂತೊಡನೆ ಪದ್ಯ ಬಂತು:

ಕ್ಷೌರಕೆ ಬಂದಳು ಸಾವಿನ ಸಣಕಲಿ, ಕುರ್ಚಿಯ ಮೇಲೆ ಕೂತಳು;
"ಬುರುಡೆಗೆ ಕೂದಲೆ ಇಲ್ಲವಲ್ಲ ತಾಯಿ?" ಎಂದ ಕ್ರಿಸ್ಪಿನ್, ನಕ್ಕಳು.
"ಕೂದಲಿಗಲ್ಲವೊ, ನಿನ್ನಯ ಹೊಟ್ಟೆಯ ಬಾಡಿಗೆಮನೆಯಲಿ ಇರುವೆ;
ಖಾಲಿ ಮಾಡುವ ಹೊತ್ತಾಯ್ತಪ್ಪ, ಮನೆಯೊಡೆಯನನೂ ಒಯ್ಯುವೆ."

ಹೊಟ್ಟೆಯ ಸಾಲನ್ನು ಹೊಡೆದುಹಾಕಿದ. ಬೇರೆ ಬರೆದ, ಸಪ್ಪೆಯಾಯಿತು. ಮತ್ತೆ ಅದನ್ನೇ ಬರೆದ. ಯಾರಿಗೆ ಗೊತ್ತಾಗುತ್ತದೆ, ತಮಾಷೆಯಲ್ಲವೇ ಎಂದುಕೊಂಡು ಅಚ್ಚಿಗೆ ಕಳಿಸಿಬಿಟ್ಟ.

ಹಬ್ಬದ ಬೆಳಿಗ್ಗೆ ಕ್ಷೌರದಂಗಡಿ ಕಿಕ್ಕಿರಿದಿತ್ತು. ಕ್ರಿಸ್ಪಿನ್ ಸ್ಟೂಲು ಹತ್ತಿ, ಪತ್ರಿಕೆ ಹಿಡಿದು, ಸಣಕಲಿಯ ದನಿ ಬೇರೆ, ತನ್ನ ದನಿ ಬೇರೆ ಮಾಡಿ ಓದಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಹಬ್ಬದ ಬ್ರೆಡ್ಡಿನ ತಟ್ಟೆ ಹಿಡಿದು ಒಳಬಾಗಿಲಿಗೆ ಬಂದಿದ್ದ ಎಲೋದಿಯಾ ಬಿಳಿಚಿಕೊಂಡು ನಿಂತಿದ್ದಳು. ಕ್ರಿಸ್ಪಿನ್ ಅವಳ ಮುಖ ನೋಡಿದ. ಆಮೇಲೆ ಕುರ್ಚಿಯಲ್ಲಿದ್ದ ಬೆನಿಗ್ನೊನ ಮುಖ ನೋಡಿದ. ಬೆನಿಗ್ನೊ ಕಣ್ಣು ಕೆಳಗೆ ಹಾಕಿದ.

ಎಲ್ಲರಿಗೂ ಕುಡಿಸಿ ಕಳಿಸಿದ ಮೇಲೆ ಕ್ರಿಸ್ಪಿನ್ ಬಾಗಿಲು ಹಾಕಿದ. ಬೆನಿಗ್ನೊನ ಕೆನ್ನೆಗೆ ಸಾಬೂನು ಹಚ್ಚಿದ.

"ನನ್ನ ಚಾಳಿ ಯಾವುದೋ, ಕವಿ?" ಎಂದ.

"ಬಾಯಿ."

"ಮತ್ತೆ ಹೊಟ್ಟೇಲಿ ಯಾಕೆ ಸಾಯಿಸ್ದೆ? ಊರೋರ್ನೆಲ್ಲ ಅವರವರ ಚಾಳೀಲೇ ಸಾಯಿಸ್ದೋನು ನೀನು. ಎಲೋದಿಯಾ ಯಾಕೆ ಬಿಳಿಚ್ಕೊಂಡ್ಳು?"

ಹೆಂಗಸರಿಗೆ ಇಂಥ ತಮಾಷೆ ಹಿಡಿಸುವುದಿಲ್ಲ, ಹೊಟ್ಟೆ ಪ್ರಾಸಕ್ಕೆ ಬಂತು, ಎಂದು ಬೆನಿಗ್ನೊ ಏನೇನೋ ತೊದಲಿದ. ದೇಶಕ್ಕೆಲ್ಲ ಪದ್ಯ ಕಲಿಸಿದವನ ಬಾಯಲ್ಲಿ ಒಂದು ನೆಟ್ಟಗಿನ ಸುಳ್ಳೂ ಹುಟ್ಟಲಿಲ್ಲ.

"ಎಷ್ಟು ದಿನ ಅಂತೆ?"

"ಕ್ರಿಸ್‌ಮಸ್ ತನಕ ಅಂದ್ರಂತೆ." ಹೇಳಿಬಿಟ್ಟ. ಹೇಳಿದ ಮೇಲೆ ಅಳು ಬಂತು. "ತಪ್ಪಾಯ್ತು ಕಣೋ. ಯಾರಿಗೂ ಹೇಳಲ್ಲ ಅಂತ ಎಲೋದಿಯಾಗೆ ಆಣೆ ಮಾಡಿದ್ದೆ. ಹೊಡೆದು ಹಾಕಿದ್ದೆ ಆ ಸಾಲನ್ನ. ಆಮೇಲೆ..."

"ಚೆನ್ನಾಗಿತ್ತು, ಅದಕ್ಕೇ ಮತ್ತೆ ಬರೆದೆ. ಅಲ್ವಾ?"

"ಹೌದು."

ಕ್ರಿಸ್ಪಿನ್ ಕತ್ತಿಯನ್ನು ಚರ್ಮದ ಪಟ್ಟಿಗೆ ಬಹಳ ಹೊತ್ತು ಮಸೆದ. ಬೈದಿದ್ದರೆ, ಒಂದು ಏಟು ಹಾಕಿದ್ದರೆ ಬೆನಿಗ್ನೊ ಬದುಕಿಕೊಳ್ಳುತ್ತಿದ್ದ. ಕ್ರಿಸ್ಪಿನ್ ಗಡ್ಡ ಹೆರೆದು ಮುಗಿಸಿ, ಎಂದಿನಂತೆ ಬಿಸಿ ಟವೆಲ್ಲು ಒತ್ತಿದ.

"ನಂಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡ. ನಾನು ನಗ್ತಿರ್ಲಿ ಅಂತ ಪಾಪ ಒಬ್ಬಳೇ ಒದ್ದಾಡ್ತಿದಾಳೆ. ನಗ್ತೀನಿ ಬಿಡು. ಆದ್ರೆ ಈ ಆಣೆನಾದ್ರೂ ಉಳಿಸ್ಕೋ."

ಬೆನಿಗ್ನೊ ತಲೆಯಾಡಿಸಿ ಹೊರಬಿದ್ದ. ಹಿತ್ತಿಲ ಬಾಗಿಲಿಂದ ಬಂದು ಬೀದಿಯ ತಿರುವಿನಲ್ಲಿ ಎಲೋದಿಯಾ ಕಾಯುತ್ತಿದ್ದಳು. ಸೆರಗಿನಂತೆ ಹೊದ್ದ ಶಾಲನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅವರಿಗೆ ಗೊತ್ತಾಯ್ತಾ?"

"ಇಲ್ಲಮ್ಮ. ಹೊಟ್ಟೆ ಅನ್ನೋದು ಪ್ರಾಸಕ್ಕೆ ತಾನಾಗಿ ಬಂದದ್ದು," ಎಂದ ಬೆನಿಗ್ನೊ. ಈ ಸಲ ಸುಳ್ಳು ನೆಟ್ಟಗೆ ಬಂತು.

ಎಲೋದಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಉಸಿರು ಬಿಟ್ಟಳು. ಅವನ ಎರಡೂ ಕೈ ಹಿಡಿದುಕೊಂಡಳು.

"ಬೇಕೂಂತಲೇ ಬರೆದ್ರಿ ಅಂದ್ಕೊಂಡು ಬೆಳಿಗ್ಗೆಯಿಂದ ನಿಮಗೆ ಹಿಡಿಶಾಪ ಹಾಕ್ತಿದ್ದೆ, ಯಜಮಾನ್ರೇ. ನಿಮ್ಮಂಥೋರು ಹಾಗೆಲ್ಲ ಮಾಡ್ತಾರಾ? ಪಾಪಿ ನಾನು. ಕ್ಷಮಿಸಿದೆ ಅನ್ನಿ."

ಬೆನಿಗ್ನೊ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅವನು ಹೇಳುವವರೆಗೂ ಅವಳು ಬಿಡುವವಳಲ್ಲ.

"ಕ್ಷಮಿಸಿದೆ," ಎಂದ.