ಖಾಲಿ ಮನೆ ಒರೆಸಿದವಳು

"ಏನೇ ಮುಂಡೇದೇ, ಗೋಡೆ ಇನ್ನೂ ಗಬ್ಬು ಹೊಡೀತಿದೆ. ಇಲ್ಲಿ ಜನ ಇದ್ದ ವಾಸನೇನೇ ಬರಬಾರ್ದು, ಉಜ್ಜು!"

ಮನೆ ಮಾಲೀಕ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದ. ಒಳಗೆ ಬಕೆಟ್ಟಕ್ಕ ಮಂಡಿಯೂರಿ ಒಲೆಯ ಹಿಂದಿನ ಮಸಿ ಉಜ್ಜುತ್ತಿದ್ದಳು. ಸರೋವರದ ದಂಡೆಯ ಅತಿಥಿಗೃಹಗಳನ್ನೆಲ್ಲ ತೊಳೆಯುವವಳಿಗೆ ಊರು ಇಟ್ಟ ಹೆಸರು ಅದು. ಈ ಮಸಿ ಮಾತ್ರ ಅವಳದೇ. ಹದಿನೆಂಟು ವರ್ಷದಿಂದ ಬಾಡಿಗೆಗಿರುವ ಮನೆಯಲ್ಲಿ ಅವಳೇ ಬೇಯಿಸಿ ಹಿಡಿಸಿದ್ದು.

ಮಾಲೀಕ ಪುರಸಭೆಯ ಸದಸ್ಯನೂ ಹೌದು. ಒಂದು ವರ್ಷದಿಂದ ಖಾಲಿ ಬಿದ್ದಿರುವ ಮನೆಗಳನ್ನಷ್ಟೇ ಅತಿಥಿಗೃಹ ಮಾಡಬಹುದೆಂದು ಸಭೆ ಠರಾವು ಮಾಡಿತ್ತು. ಮೊದಲು ಕೈ ಎತ್ತಿದವನೂ ಅವನೇ. ಬಾಡಿಗೆಯವರನ್ನು ಕಾಪಾಡುವುದಕ್ಕಂತೆ! ಅಂದಿನಿಂದ ದಂಡೆಯ ಬೀದಿಯ ಮನೆಗಳು ಒಂದೊಂದಾಗಿ, ಕಾಗದದ ಮೇಲೆ ಕಳೆದ ವರ್ಷದಿಂದಲೇ ಖಾಲಿಯಾಗತೊಡಗಿದವು.

"ಮನೆ ಖಾಲಿ ಇದೆಯಾ ಅಂತ ಅಧಿಕಾರಿ ನೋಡ್ಕೊಂಡು ಹೋಗೋ ತನಕ ಬಾಯಿ ಮುಚ್ಕೊಂಡಿರು. ಗುಡ್ಡದಾಚೆ ಒಂದು ಶೆಡ್ ಕೊಡಿಸ್ತೀನಿ. ಬಾಲ ಬಿಚ್ಚಿದ್ರೆ ಈ ದಂಡೇಲಿ ಯಾವ ಮನೇಲೂ ನೀನು ಪೊರಕೆ ಹಿಡಿಯಲ್ಲ, ತಿಳೀತಾ?"

"ಆಯ್ತು ಸ್ವಾಮಿ."

ಪಾತ್ರೆ, ಹಾಸಿಗೆಗಳನ್ನು ಬೆಳಿಗ್ಗೆಯೇ ಪಕ್ಕದವರ ಹಿತ್ತಿಲಿಗೆ ಸಾಗಿಸಿದ್ದಳು. ನಡೆಯಲಾಗದ ಅತ್ತೆಯನ್ನು ಬೀದಿಯಾಚೆಯ ಕಟ್ಟೆಯ ಮೇಲೆ ಕೂರಿಸಿದ್ದಳು.

ಒಳಗೋಡೆಯಿಂದ ಶುರುಮಾಡಿ ನೆಲ ಒರೆಸುತ್ತ ಹಿಂದೆ ಹಿಂದೆ ಸರಿದಳು. ತುಳಿದ ಗುರುತು ಉಳಿಯದ ಹಾಗೆ ಒರೆಸುವುದು ಅವಳ ಕಸುಬಿನ ಹೆಮ್ಮೆ. ಹಿಮ್ಮಡಿ ಹೊಸ್ತಿಲು ದಾಟಿ ಬೀದಿಯ ಮಣ್ಣಿಗೆ ತಾಗಿದಾಗ ಕೈ ನಿಂತಿತು. ಅಭ್ಯಾಸಬಲದಿಂದ ತನ್ನ ಮನೆಯೊಳಗಿಂದ ತನ್ನನ್ನೇ ಒರೆಸಿ ಹಾಕಿದ್ದಳು. ಅಳು ಬರಲಿಲ್ಲ, ಬರೀ ಸುಸ್ತಾಯಿತು.

ಅಧಿಕಾರಿ ಬಂದ, ಇಣುಕಿದ. "ಪರವಾಗಿಲ್ಲ, ಕಿಟಕೀಲಿ ನೀರು ಚೆನ್ನಾಗಿ ಕಾಣತ್ತೆ," ಎಂದು ಫೈಲು ಬಿಚ್ಚಿದ.

ಅಷ್ಟರಲ್ಲಿ ಕಟ್ಟೆಯಿಂದ ಮುದುಕಿ ಕೂಗಿದಳು: "ಏ ಹುಡುಗೀ, ಬಿಸಿಲು ಕಣೇ. ಒಳಗೆ ಕರ್ಕೊಂಡು ಹೋಗೇ."

"ಯಾರ್ರೀ ಅದು?"

"ಯಾವ್ದೋ ಬೇವಾರ್ಸಿ ಮುದುಕಿ ಸಾರ್, ಭಿಕ್ಷೆ ಬೇಡೋಳು." ಸದಸ್ಯ ಬಕೆಟ್ಟಕ್ಕನತ್ತ ಕಣ್ಣು ಬಿಟ್ಟ. "ಹೇಳೇ, ಅಲ್ವಾ?"

'ಆಯ್ತು ಸ್ವಾಮಿ' ಎಂಬುದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವಳು ಬೀದಿ ದಾಟಿದಳು. ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಮಣ್ಣುಗಾಲಲ್ಲೇ ಒದ್ದೆ ನೆಲ ತುಳಿದು, ಒಳಗೋಡೆಗೆ ಒರಗಿಸಿ ಕೂರಿಸಿದಳು. ತಿರುಗಿ ಬಂದು ಬಾಗಿಲು ಹಾಕಿಕೊಂಡಳು.

"ಲೇ ಲೌಡಿ, ತೆಗಿಯೇ! ನಿನ್ನ ಹೊಟ್ಟೆಗೆ ಮಣ್ಣು ಹಾಕ್ತೀನಿ!" ಸದಸ್ಯ ಬಾಗಿಲಿಗೆ ಒದೆಯತೊಡಗಿದ.

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕುಳಿತಳು. ಒಂದೊಂದು ಒದೆತಕ್ಕೂ ಹಲಗೆ ಬೆನ್ನಿಗೆ ಬಡಿಯುತ್ತಿತ್ತು. ದನಿ ಏರಿಸುವ ಶಕ್ತಿ ಇರಲಿಲ್ಲ, ಕುಳಿತಲ್ಲಿಂದಲೇ ಹೇಳಿದಳು:

"ಸಾಹೇಬ್ರೇ, ಬರ್ಕೊಳ್ಳಿ. ಖಾಲಿ ಮನೆಗೆ ಒಳಗಿಂದ ಚಿಲಕ ಯಾರು ಹಾಕ್ತಾರೆ?"